ಬಳ್ಳಾರಿಯಿಂದ ಅಂಡಮಾನಿಗೆ: ಇಬ್ಬರು, ಎರಡು ಚೀಲ, ಎರಡೇ ದ್ವೀಪ

ಅಂಡಮಾನ್ ಅಂದಕೂಡಲೇ ನಮ್ಮ ಕಡೆಯವರು ಮೊದಲು ಕೇಳುವುದು ‘ಪ್ಯಾಕೇಜ್ ಎಷ್ಟು?’ ಅಂತ. ಆ ಪ್ಯಾಕೇಜನ್ನು ಒಮ್ಮೆ ಬಿಡಿಸಿ ನೋಡಿ. ಎಸಿ ಬೋಟು, ದಿನಾ ಬಾಗಿಲಿಗೆ ಬರುವ ಕಾರು, ದಿನಕ್ಕೊಂದು ಹೊಸ ಜಾಗ. ದುಡ್ಡು ಕರಗುವುದು ಈ ಓಡಾಟದಲ್ಲಿ. ಹಾಗಾಗಿ ಗಂಡ ಹೆಂಡತಿ ಇಬ್ಬರೇ ಕಡಿಮೆ ಖರ್ಚಿನಲ್ಲಿ ಹೋಗಿಬರಬೇಕೆಂದರೆ ಮೊದಲು ದ್ವೀಪಗಳ ಪಟ್ಟಿ ಮೊಟಕು ಮಾಡಿ. ಹ್ಯಾವ್‌ಲಾಕ್, ನೀಲ್ ಇವೆರಡು ಸಾಕು. ಒಂದೊಂದರಲ್ಲಿ ಮೂರು ರಾತ್ರಿ, ಮುಖ್ಯ ಪಟ್ಟಣ ಪೋರ್ಟ್ ಬ್ಲೇರ್‌ನಲ್ಲಿ ಬರುವಾಗ ಒಂದು, ಹೋಗುವಾಗ ಒಂದು.

ಟಿಕೆಟ್ ಹುಡುಕುವಾಗ ಗಲಿಬಿಲಿ ಆಗದಿರಲಿ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂದು ಹೆಸರಿಟ್ಟರು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಬೋಟಿನ ಟಿಕೆಟ್ ಮೇಲೆ ಹೊಸ ಹೆಸರು, ಆಟೊದವರ ಬಾಯಲ್ಲಿ ಹಳೆಯದೇ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ಡಿಸೆಂಬರ್ ಕೊನೆ, ಜನವರಿ ಮೊದಲ ವಾರ ಬಿಟ್ಟುಬಿಡಿ. ರೂಮು, ವಿಮಾನ ಎರಡರ ರೇಟೂ ಆಗ ಏರಿರುತ್ತದೆ. ನನ್ನ ಕೇಳಿದರೆ ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳೇ ಸರಿ: ಸಮುದ್ರ ಶಾಂತ, ಪರೀಕ್ಷೆಯ ಕಾಲವಾದ್ದರಿಂದ ಮಕ್ಕಳೊಂದಿಗರ ಗದ್ದಲವೂ ಕಡಿಮೆ. ಮಕ್ಕಳ ಬೇಸಿಗೆ ರಜೆಗೇ ಹೋಗುವವರು ಏಪ್ರಿಲ್‌ನಲ್ಲೇ ಮುಗಿಸಿ. ಮುಂಗಾರು ಕೇರಳಕ್ಕಿಂತ ಮೊದಲು, ಮೇ ಮೂರನೇ ವಾರದ ಹೊತ್ತಿಗೇ ಅಂಡಮಾನಿಗೆ ಕಾಲಿಡುತ್ತದೆ. ಗಾಳಿ ಎದ್ದರೆ ಬೋಟು ರದ್ದು.

ಹೋಗುವ ದಾರಿ

ಅಂಡಮಾನಿನ ವಿಮಾನಗಳು ಹೆಚ್ಚಾಗಿ ಬೆಳಗಿನಿಂದ ಮಧ್ಯಾಹ್ನದೊಳಗೇ ಓಡುತ್ತವೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಆದರೆ ಮೆಜೆಸ್ಟಿಕ್‌ನಿಂದ ದೇವನಹಳ್ಳಿ ಮುಟ್ಟಬೇಕು, ಚೆಕ್ಕಿಂಗ್ ಆಗಬೇಕು. ಹತ್ತು ಗಂಟೆಗೆ ಮುಂಚಿನ ವಿಮಾನವಾದರೆ ಹಿಂದಿನ ಹಗಲೇ ಹೊರಡುವುದು ಕ್ಷೇಮ. ರಾಯಚೂರಿನವರಿಗೆ ಚೆನ್ನೈ ಒಳ್ಳೆಯದು; ಮುಂಬೈ–ಚೆನ್ನೈ ರೈಲುಗಳು ಊರ ಮೇಲೆಯೇ ಹಾದುಹೋಗುತ್ತವೆ, ಅಲ್ಲಿಂದ ವಿಮಾನ ಎರಡು ತಾಸಿನದು. ಮೊದಲು ವಿಮಾನ ಬುಕ್ ಮಾಡಿ, ರೈಲಿನ ಟಿಕೆಟ್ 60 ದಿನ ಮೊದಲು ತೆರೆದ ದಿನವೇ ಹಿಡಿಯಿರಿ.

ಚೆನ್ನೈನಿಂದ ಹಡಗೂ ಇದೆ. ಬಂಕ್ ಕ್ಲಾಸ್ ಅಗ್ಗ, ಆದರೆ ನೀರ ಮೇಲೆ ಎರಡೂವರೆ-ಮೂರು ದಿನ, ತಿಂಗಳಿಗೆ ಕೆಲವೇ ಸಲ. ಹದಿನೈದು ದಿನ ರಜೆ ಇದ್ದವರು, ವಾಂತಿಗೆ ಹೆದರದವರು ನೋಡಬಹುದು.

ಚೀಲದಲ್ಲಿ ಏನು

ಜೀನ್ಸ್ ಬೇಡ. ಬಳ್ಳಾರಿಯವರಿಗೆ ಈ ಮಾತು ಹೇಳುವುದು ಕಷ್ಟವೇ, ಊರೇ ಜೀನ್ಸ್ ಹೊಲಿಯುವ ಊರು. ಆದರೂ ಉಪ್ಪುನೀರಲ್ಲಿ ನೆಂದ ಜೀನ್ಸ್ ಎರಡು ದಿನವಾದರೂ ಆರುವುದಿಲ್ಲ, ಚೀಲದ ಅರ್ಧ ಭಾರ ಅದರದೇ ಆಗುತ್ತದೆ. ತೆಳು ಹತ್ತಿ ಬಟ್ಟೆ, ಹಿಂದೆ ಪಟ್ಟಿ ಇರುವ ಚಪ್ಪಲಿ (ಹವಳದ ಚೂರು ಕಾಲು ಕೊಯ್ಯುತ್ತದೆ), ಟಾರ್ಚು, ಸೊಳ್ಳೆ ಮುಲಾಮು. ದಂಡೆಯ ಮರಳಲ್ಲಿ ಕಣ್ಣಿಗೆ ಕಾಣದ ನೊಣಗಳಿವೆ, ಕಚ್ಚಿದರೆ ವಾರಗಟ್ಟಲೆ ತುರಿಕೆ. ಇಬ್ಬರ ಮೂಲ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ದ್ವೀಪಗಳಲ್ಲಿ ಎಟಿಎಂ ಬೆರಳೆಣಿಕೆ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದಮೇಲೆ ನೆಟ್‌ವರ್ಕ್ ಸುಧಾರಿಸಿದೆ, ಆದರೆ ಫೋನ್‌ಪೇ ನಂಬಿ ಖಾಲಿ ಕೈಯಲ್ಲಿ ಹೋಗಬೇಡಿ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ಬೋಟಿನ ದಿನದ ಊಟಕ್ಕೆ ಇದಕ್ಕಿಂತ ಅಗ್ಗದ್ದಿಲ್ಲ.

ಬೋಟು: ಉಳಿತಾಯ ಇರುವುದೇ ಇಲ್ಲಿ

ಶ್ರೀ ವಿಜಯಪುರಂನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಬೋಟು ಒಂದೂವರೆ ತಾಸಿನಲ್ಲಿ ಮುಟ್ಟಿಸುತ್ತದೆ, ಒಬ್ಬರಿಗೆ ಸಾವಿರದ ಮೇಲೆ. ಸರ್ಕಾರಿ ಬೋಟಿಗೆ ಸುಮಾರು ಎರಡೂವರೆ ತಾಸು, ದರ ಅದರ ಅರ್ಧಕ್ಕೂ ಕಡಿಮೆ. ಹತ್ತುವುದು ಫೀನಿಕ್ಸ್ ಬೇ ಜೆಟ್ಟಿಯಲ್ಲಿ. ತೊಡಕೊಂದೇ: ಸರ್ಕಾರಿ ಟಿಕೆಟ್ ಕೆಲವೇ ದಿನ ಮೊದಲು ತೆರೆಯುತ್ತದೆ, ದ್ವೀಪದ ಜನರ ಓಡಾಟವೂ ಅದರಲ್ಲೇ ಇರುವುದರಿಂದ ಬೇಗ ಮುಗಿಯುತ್ತದೆ. ಸಿಗದೇ ಹೋದರೆ ಇಡೀ ಲೆಕ್ಕಾಚಾರ ಕೆಡುತ್ತದೆ. ಅದಕ್ಕೆ ಹೀಗೆ ಮಾಡಿ: ಹೋಗುವಾಗಿನದು ಖಾಸಗಿಯಲ್ಲಿ ಮೊದಲೇ ಹಿಡಿದಿಡಿ, ಹ್ಯಾವ್‌ಲಾಕ್‌ನಿಂದ ನೀಲ್‌ಗೆ, ನೀಲ್‌ನಿಂದ ವಾಪಸಿಗೆ ಸರ್ಕಾರಿ ಬೋಟಿಗೆ ಪ್ರಯತ್ನಿಸಿ. ಅಲ್ಲಿ ತಲಾ ಮೂರು ರಾತ್ರಿ ಇರುವುದರಿಂದ ಕೌಂಟರಿಗೆ ಹೋಗಿ ನಿಲ್ಲಲು ಪುರುಸೊತ್ತಿರುತ್ತದೆ. ಒಂದೇ ರಾತ್ರಿ ಇಟ್ಟುಕೊಂಡವರಿಗೆ ಈ ದಾರಿ ಇಲ್ಲ.

ಬೋಟು ಹತ್ತುವ ಬೆಳಗ್ಗೆ ಎಣ್ಣೆ ಪದಾರ್ಥ ಮುಟ್ಟಬೇಡಿ. ಒಗ್ಗರಣಿ-ಮಿರ್ಚಿ ತಿಂದು ಹತ್ತಿದವನ ಪಾಡು ಅಲೆ ಎದ್ದಾಗ ನೋಡಬೇಕು! ವಾಂತಿ ತಡೆಯುವ ಮಾತ್ರೆಯನ್ನು ಹೊರಡುವುದಕ್ಕೆ ಅರ್ಧ ತಾಸು ಮೊದಲೇ ನುಂಗಿ, ನಡುವಿನ ಸೀಟು ಹಿಡಿದು, ದೂರದ ದಿಗಂತ ನೋಡುತ್ತ ಕೂಡಿ. ಫೋನು ಜೇಬಿನಲ್ಲಿರಲಿ.

ಹ್ಯಾವ್‌ಲಾಕ್

ಇಲ್ಲಿನ ದಂಡೆಗಳಿಗೆ ನಂಬರ್ ಇದೆ. ಮೂರು, ಐದನೇ ನಂಬರ್ ಕಡೆ ಅಗ್ಗದ ರೂಮುಗಳು ಸಿಗುತ್ತವೆ. ಸಮುದ್ರಕ್ಕೆ ಮುಖ ಮಾಡಿದ ರೂಮಿಗೆ ಹೆಚ್ಚು ಕೊಡುವುದು ದಂಡ. ಇಳಿತದ ಹೊತ್ತಿಗೆ ಆ ಕಡೆಯ ನೀರು ನೂರಾರು ಹೆಜ್ಜೆ ಹಿಂದೆ ಸರಿದು ಬರೀ ಕಲ್ಲು, ಕೆಸರು ಉಳಿದಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇನ್ನೂ ದೂರ.

ಈಜಲು ಹೋಗಬೇಕಾದದ್ದು ಏಳನೇ ನಂಬರಿನ ರಾಧಾನಗರಕ್ಕೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ದಂಡೆ ಎಂದು ಕರೆದದ್ದು ಇದನ್ನೇ. ಜೆಟ್ಟಿಯಿಂದ ಹತ್ತು-ಹನ್ನೆರಡು ಕಿಲೋಮೀಟರ್. ಸರ್ಕಾರಿ ಬಸ್ಸಿದೆ; ಕೊನೆಯ ಬಸ್ ಎಷ್ಟಕ್ಕೆಂದು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಬಾಡಿಗೆ ಸ್ಕೂಟರ್ ದಿನಕ್ಕೆ ಐನೂರರ ಆಸುಪಾಸು, ಲೈಸೆನ್ಸ್ ಬೇಕು. ಮೂರು ದಿನವೂ ತೆಗೆದುಕೊಳ್ಳಬೇಡಿ, ಒಂದು ದಿನಕ್ಕೆ ಸಾಕು.

ನಮ್ಮ ಕಡೆಯವರು ಎಡವುವುದು ಹೊತ್ತಿನ ಲೆಕ್ಕದಲ್ಲಿ. ಅಂಡಮಾನ್ ಬಳ್ಳಾರಿಗಿಂತ ಹದಿನಾರು ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಅಲ್ಲಿ ಸೂರ್ಯ ನಮಗಿಂತ ಒಂದು ತಾಸು ಮೊದಲೇ ಮುಳುಗುತ್ತಾನೆ, ಚಳಿಗಾಲದಲ್ಲಿ ಐದು ದಾಟಿತೆಂದರೆ ಮುಗಿಯಿತು. ಗಂಗಾವತಿಯ ಜೋಡಿಯೊಂದು ‘ಚಹಾ ಕುಡ್ದು ಐದೂವರಿಗೆ ಹೋಗೋಣ್ರೀ’ ಎಂದುಕೊಂಡು ರಾಧಾನಗರ ಮುಟ್ಟುವಾಗ ಕಾವಲಿನವರು ಸೀಟಿ ಊದಿ ಎಲ್ಲರನ್ನೂ ಮೇಲೆ ಕಳಿಸುತ್ತಿದ್ದರಂತೆ. ಮೂರೂವರೆಗೆಲ್ಲ ಅಲ್ಲಿರಿ. ಬೆಳಕು ಹರಿಯುವುದೂ ಐದಕ್ಕೇ, ಆದ್ದರಿಂದ ದಿನವನ್ನು ಒಂದು ತಾಸು ಬೇಗ ಶುರುಮಾಡಿದರೆ ಏನೂ ತಪ್ಪುವುದಿಲ್ಲ.

ಸ್ಕೂಬಾ (ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು) ಮಾಡುವ ಆಸೆಯಿದ್ದರೆ ಇಲ್ಲೇ ಮಾಡಿ. ಮೊದಲ ಸಲದವರಿಗೆ ಈಜು ಬರಬೇಕೆಂದಿಲ್ಲ, ತರಬೇತಿಯವರು ಜೊತೆಗೇ ಇಳಿಯುತ್ತಾರೆ, 12 ಮೀಟರಿಗಿಂತ ಆಳಕ್ಕೆ ಒಯ್ಯುವುದಿಲ್ಲ. ಇಡೀ ಪ್ರವಾಸದಲ್ಲಿ ಕೈಬಿಚ್ಚಿ ಖರ್ಚು ಮಾಡಬೇಕಾದದ್ದು ಇದೊಂದಕ್ಕೆ. ಉಸಿರಾಟದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ನೀರಿಗಿಳಿದ ಮೇಲೆ 18 ತಾಸು ವಿಮಾನ ಹತ್ತುವಂತಿಲ್ಲ; ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೇಲೆ ಹೋದಾಗ ಗುಳ್ಳೆಯಾಗುತ್ತದೆ. ಹ್ಯಾವ್‌ಲಾಕ್ ಮೊದಲು, ನೀಲ್ ಆಮೇಲೆ ಎಂದದ್ದು ಇದಕ್ಕೂ ಹೌದು.

ಉಪ್ಪುನೀರಿನ ಮೊಸಳೆಗಳು ಈ ದ್ವೀಪಗಳಲ್ಲಿ ನಿಜವಾಗಿಯೂ ಇವೆ. ಎಚ್ಚರಿಕೆಯ ಬೋರ್ಡ್ ಇದ್ದಲ್ಲಿ ಫೋಟೊಕ್ಕೂ ನೀರಿಗಿಳಿಯಬೇಡಿ.

ನೀಲ್

ನೀಲ್ ಪುಟ್ಟದು, ಇಡೀ ದ್ವೀಪ ಬಾಡಿಗೆ ಸೈಕಲ್ಲಿನಲ್ಲೇ ಮುಗಿಯುತ್ತದೆ. ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳ ಊರು. ತರಕಾರಿ ಇಲ್ಲೇ ಬೆಳೆಯುತ್ತದೆ, ಮಾರ್ಕೆಟ್ಟಿನ ಪುಟ್ಟ ಹೋಟೆಲುಗಳಲ್ಲಿ ಅನ್ನ, ಬೇಳೆ, ಪಲ್ಯದ ಥಾಲಿ ಸಸ್ಯಾಹಾರಿಗಳಿಗೂ ಸಾಕು. ಬೆಳಗ್ಗೆ ಸೀತಾಪುರ, ಸಂಜೆ ಲಕ್ಷ್ಮಣಪುರ. ಸಹಜ ಕಲ್ಲುಸೇತುವೆಯ ತನಕ ನಡೆದುಹೋಗಲು ಇಳಿತದ ಹೊತ್ತೇ ಬೇಕು, ರೂಮಿನವರನ್ನು ಕೇಳಿದರೆ ಅಂದಿನ ಸಮಯ ಹೇಳುತ್ತಾರೆ. ಆ ಕಲ್ಲಿನ ಗುಂಡಿಗಳಲ್ಲಿ ಉಳಿದ ನೀರನ್ನು ಬಗ್ಗಿ ನೋಡಿ: ಬೆರಳುದ್ದದ ಮೀನು, ಸೌತೆಕಾಯಿಯಂತೆ ಕಾಣುವ ಕರಿ ಜೀವಿ ಸಮುದ್ರಸೌತೆ, ಕಲ್ಲಿಗೇ ಅಂಟಿ ಬಾಯಿ ತೆರೆದು ಮುಚ್ಚುವ ಚಿಪ್ಪು. ಟಿಕೆಟ್ಟಿಲ್ಲದ ಸ್ನಾರ್ಕ್ಲಿಂಗ್ (ಕನ್ನಡಕ, ಉಸಿರು ನಳಿಕೆ ಹಾಕಿಕೊಂಡು ನೀರಿನೊಳಗೆ ನೋಡುವುದು) ಇದು.

ರೂಮು, ಊಟ, ಸೈಕಲ್ ಸೇರಿ ಇಬ್ಬರಿಗೆ ದಿನಕ್ಕೆ ಮೂರು ಸಾವಿರ ಅಂದಾಜು ಇಟ್ಟುಕೊಳ್ಳಿ. ಬೋಟು, ಸ್ಕೂಬಾ ಬೇರೆ.

ಮರಳುವಾಗ

ವಿಮಾನದ ಹಿಂದಿನ ದಿನವೇ ಶ್ರೀ ವಿಜಯಪುರಂಗೆ ಬಂದುಬಿಡಿ. ಅದೇ ಬೆಳಗಿನ ಬೋಟು ನಂಬಿ, ಅದು ರದ್ದಾದರೆ ವಿಮಾನದ ದುಡ್ಡು ಸಮುದ್ರಪಾಲು. ಆ ಮಧ್ಯಾಹ್ನ ಸೆಲ್ಯುಲಾರ್ ಜೈಲು ನೋಡಿ. 1906ರಲ್ಲಿ ಕಟ್ಟಿ ಮುಗಿಸಿದ ಏಳು ಸಾಲು ಕಟ್ಟಡಗಳಲ್ಲಿ ಉಳಿದದ್ದು ಮೂರೇ. ತಮಿಳು, ತೆಲುಗು ಮಾತಾಡುವವರು ಪೇಟೆಯಲ್ಲಿ ಬೇಕಾದಷ್ಟು ಇದ್ದಾರೆ, ಬಳ್ಳಾರಿಯವರಿಗೆ ಚೌಕಾಸಿಗೆ ತೊಂದರೆಯಿಲ್ಲ.

ದಂಡೆಯಲ್ಲಿ ಆಯ್ದ ಹವಳ, ಚಿಪ್ಪು ಚೀಲಕ್ಕೆ ಹಾಕಬೇಡಿ. ಹವಳ ವನ್ಯಜೀವಿ ಕಾಯ್ದೆಯಡಿ ಬರುತ್ತದೆ, ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಕ್ಕಿಬೀಳುತ್ತದೆ. ಬೆಂಗಳೂರಿಗೆ ಇಳಿಯುವ ಹೊತ್ತಿಗೂ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ಗೂ ನಡುವೆ ಐದು ತಾಸಾದರೂ ಇರಲಿ, ಹೆಬ್ಬಾಳದ ಟ್ರಾಫಿಕ್ ಯಾರ ಟಿಕೆಟ್ಟನ್ನೂ ಕೇಳುವುದಿಲ್ಲ.