ಅಲ್ಪಾಯುಷಿ ಹಡಗು ಕಂಪನಿಯೊಂದರ ಚರಿತ್ರೆ ಬರೆಯುವ ಬಗೆ

ಕಡಲಿಲ್ಲದ ಕೊಡಗಿನಲ್ಲಿ ಕುಳಿತು ಹಡಗಿನ ಚರಿತ್ರೆ ಬರೆಯಲು ಅಳುಕಬೇಕಿಲ್ಲ. ಇಲ್ಲಿನ ಕಾಫಿ ಘಟ್ಟವಿಳಿದು ತಲಶ್ಶೇರಿ, ಮಂಗಳೂರು ಬಂದರುಗಳನ್ನೇ ಸೇರುತ್ತಿತ್ತು. ಸ್ವಾತಂತ್ರ್ಯ ಹೋರಾಟಗಾರ ವ.ಉ. ಚಿದಂಬರಂ ಪಿಳ್ಳೆಯವರು 1906ರಲ್ಲಿ ತಮಿಳುನಾಡಿನ ಬಂದರು ಪಟ್ಟಣ ತೂತ್ತುಕುಡಿಯಲ್ಲಿ ಸ್ಥಾಪಿಸಿದ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಆರಿಸಿಕೊಳ್ಳಿ. ನೋಂದಣಿ, ಹಡಗು ಖರೀದಿ, 1908ರ ಪಿಳ್ಳೆಯವರ ಬಂಧನ, 1911ರ ಮುಚ್ಚುಗಡೆ ಇವುಗಳನ್ನು ಮೊದಲು ಒಂದೇ ಹಾಳೆಯಲ್ಲಿ ಇಸವಿವಾರು ಬರೆದಿಟ್ಟು, ಬಳಿಕ ಟಿಕೆಟ್ ದರದ ಕಡೆ ತಿರುಗಿ. ಕಥೆಯ ಜೀವ ಇರುವುದು ಅಲ್ಲೇ. ತೂತ್ತುಕುಡಿ–ಕೊಲಂಬೊ ಮಾರ್ಗವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಬ್ರಿಟಿಷ್ ಇಂಡಿಯಾ ಎಂಬ ಪ್ರತಿಸ್ಪರ್ಧಿ ಹಡಗು ಕಂಪನಿಯು ದರ ಇಳಿಸುತ್ತಾ ಹೋಗಿ, ಕೊನೆಗೆ ಪುಕ್ಕಟೆ ಪ್ರಯಾಣದ ಜೊತೆಗೆ ಕೊಡೆಯನ್ನೂ ನೀಡಲು ಮುಂದಾಯಿತೆಂಬ ಪ್ರತೀತಿಯಿದೆ (ಮಡಿಕೇರಿಯ ಮಳೆಗಾಲಕ್ಕಾದರೆ ಒಳ್ಳೆಯ ಉಡುಗೊರೆಯೇ!). ಇಂಥದ್ದನ್ನು ಪ್ರತೀತಿಯೆಂದೇ ಬರೆಯಿರಿ. ದರ ಸಮರ, ಸೆರೆವಾಸ ಎರಡನ್ನೂ ತೂಗಿ ನೋಡದೆ ಒಂದನ್ನೇ ಪತನದ ಕಾರಣವೆನ್ನಬೇಡಿ.