ಒದೆತ ಎಣಿಸುವುದು ಹೇಗೆ, ಶ್ವಾಸಕೋಶದ ಇಂಜೆಕ್ಷನ್ ಯಾವಾಗ?

ಹೆರಿಗೆ ವಾರ್ಡಿನ ರಾತ್ರಿ ಪಾಳಿಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು: “ನಿನ್ನೆಯಿಂದಲೇ ಮಗು ಮಿಸುಕಾಡೋದು ಕಮ್ಮಿ ಆಗಿತ್ತು ಸಿಸ್ಟರ್, ಬೆಳಗ್ಗೆ ಸರಿ ಹೋಗುತ್ತೆ ಅಂತ ಕಾದೆ.” ಎಷ್ಟೋ ಸಲ ಮಗು ಚೆನ್ನಾಗಿಯೇ ಇರುತ್ತದೆ. ಇಲ್ಲದ ದಿನವೂ ಇರುತ್ತದೆ. ತಪ್ಪು ಅವರದ್ದು ಮಾತ್ರ ಅಲ್ಲ. ಎಣಿಸುವುದನ್ನು ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ, “ಒದೆತ ನೋಡ್ಕೊಳ್ಳಿ” ಅಂತ ಬಾಗಿಲ ಹತ್ತಿರ ಒಂದು ಮಾತು ಹೇಳಿ ಕಳಿಸಿರುತ್ತಾರೆ ಅಷ್ಟೆ.

ಮೊದಲ ಕೆಲಸ ಸುಲಭ: ವಾರದ ಲೆಕ್ಕ ಖಚಿತ ಮಾಡಿಕೊಳ್ಳಿ. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನ್ ಕೊಟ್ಟ ತಾರೀಕೇ ಗಟ್ಟಿ. ಎಂಟನೇ ತಿಂಗಳ ಸ್ಕ್ಯಾನ್‌ನಲ್ಲಿ ಬೇರೆ ತಾರೀಕು ಕಂಡರೆ ಲೆಕ್ಕ ಬದಲಿಸಬೇಡಿ. ಅದು ಮಗು ಎಷ್ಟು ದಪ್ಪಗಿದೆ ಅಂತ ಹೇಳುತ್ತದೆ, ಎಷ್ಟು ವಾರದ್ದು ಅಂತ ಅಲ್ಲ.

ಎರಡನೆಯದು ಎಣಿಕೆ, ಎಲ್ಲರೂ ಎಡವುವ ಜಾಗ ಇದೇ. 28ನೇ ವಾರದಿಂದ ಶುರು ಮಾಡಿ. ನಿಮ್ಮ ಮಗು ದಿನದ ಯಾವ ಹೊತ್ತಲ್ಲಿ ಜಾಸ್ತಿ ಗಲಾಟೆ ಮಾಡುತ್ತದೋ ಆ ಹೊತ್ತನ್ನೇ ಆರಿಸಿಕೊಳ್ಳಿ. ಸಾಮಾನ್ಯವಾಗಿ ಅದು ರಾತ್ರಿ, ಊಟ ಆದ ಮೇಲೆ. ಮೂತ್ರ ಮಾಡಿ ಬನ್ನಿ, ಎಡ ಮಗ್ಗುಲಿಗೆ ಮಲಗಿ, ಹೊಟ್ಟೆಯ ಮೇಲೆ ಕೈ ಇಡಿ. ಫೋನು ಬೇರೆ ಕೋಣೆಯಲ್ಲಿರಲಿ, ಟಿ.ವಿ. ಆಫ್ ಆಗಿರಲಿ. ಧಾರಾವಾಹಿ ನೋಡುತ್ತಾ ಎಣಿಸಿದ ಲೆಕ್ಕ ಲೆಕ್ಕವೇ ಅಲ್ಲ.

ಗಂಟೆ ನೋಡಿ ಮೊದಲು ಬರೆದುಕೊಳ್ಳಿ. ಆಮೇಲೆ ಒದೆತ, ತಿವಿತ, ಹೊರಳಾಟ, ಸರ್ರನೆ ಜಾರಿದ ಹಾಗೆ ಆಗುವುದು, ಎಲ್ಲವನ್ನೂ ಎಣಿಸಿ. ಬಿಕ್ಕಳಿಕೆ ಮಾತ್ರ ಬೇಡ. ಗಡಿಯಾರದ ಹಾಗೆ ಒಂದೇ ತಾಳದಲ್ಲಿ ಟಕ್ ಟಕ್ ಅಂತ ಬರುತ್ತದಲ್ಲ, ಅದು ಬಿಕ್ಕಳಿಕೆ. ಒಂದೇ ಸಮನೆ ಹೊರಳುತ್ತಲೇ ಇದ್ದರೆ ಅದನ್ನು ನಾನು ಒಂದು ಅಂತಲೇ ಹಾಕಿಸುತ್ತೇನೆ. ಹತ್ತು ಆದ ಕೂಡಲೇ ನಿಲ್ಲಿಸಿ, ಎಷ್ಟು ನಿಮಿಷ ಹಿಡಿಯಿತು ಅಂತ ಬರೆಯಿರಿ. ಬಹಳ ಜನರಿಗೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಎರಡು ಗಂಟೆಯಾದರೂ ಹತ್ತು ಆಗದಿದ್ದರೆ ಚಪ್ಪಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಡಿ.

ಆದರೆ ಎರಡು ಗಂಟೆ ಅನ್ನುವುದನ್ನೇ ಹಿಡಿದು ಕೂರಬೇಡಿ. ದಿನಾ ಇಪ್ಪತ್ತು ನಿಮಿಷದಲ್ಲಿ ಹತ್ತು ಮುಗಿಸುತ್ತಿದ್ದ ಮಗು ಇವತ್ತು ಒಂದೂಕಾಲು ಗಂಟೆ ತೆಗೆದುಕೊಂಡಿತು ಅಂದರೆ ಪುಸ್ತಕದ ಪ್ರಕಾರ ಪಾಸು, ನನ್ನ ಪ್ರಕಾರ ಫೋನ್ ಮಾಡಬೇಕಾದ ವಿಷಯ. ನೀವು ಹೋಲಿಸಬೇಕಾದ್ದು ನಿಮ್ಮ ಮಗುವಿನ ನಿನ್ನೆ ಮೊನ್ನೆಯ ಜೊತೆ, ಅಕ್ಕನ ಮಗುವಿನ ಜೊತೆ ಅಲ್ಲ. 1976ರಿಂದ ಇನ್ನೊಂದು ವಿಧಾನವೂ ಇದೆ, ಹನ್ನೆರಡು ಗಂಟೆಯಲ್ಲಿ ಹತ್ತು ಎಣಿಸುವುದು. ನನಗೆ ಅದು ಇಷ್ಟವಿಲ್ಲ, ತೊಂದರೆ ಇದೆ ಅಂತ ಗೊತ್ತಾಗುವ ಹೊತ್ತಿಗೆ ದಿನವೇ ಮುಗಿದಿರುತ್ತದೆ.

ಹಾಗಂತ ಹತ್ತು ನಿಮಿಷ ಸುಮ್ಮನಿದ್ದರೆ ಗಾಬರಿ ಬೇಡ. ಒಳಗಿರುವ ಮಗು 20ರಿಂದ 40 ನಿಮಿಷ ನಿದ್ದೆ ಮಾಡುತ್ತದೆ, ಆರೋಗ್ಯವಾಗಿರುವ ಮಗು ಒಂದೂವರೆ ಗಂಟೆ ಮೀರಿ ಮಲಗುವುದು ಅಪರೂಪ.

“ದಿನ ತುಂಬಿದ ಮೇಲೆ ಜಾಗ ಇರಲ್ಲ, ಅದಕ್ಕೇ ಕಮ್ಮಿ” ಅನ್ನುವ ಸಮಾಧಾನ ಇದೆಯಲ್ಲ, ಅದು ಸುಳ್ಳು. ಕೊನೆಯ ವಾರಗಳಲ್ಲಿ ಜೋರು ಒದೆತಕ್ಕಿಂತ ಹೊರಳಾಟ ಜಾಸ್ತಿ ಅನಿಸಬಹುದು, ಮಿಸುಕಾಟ ನಿಲ್ಲುವುದಿಲ್ಲ. ಸಿಹಿ ಕುಡಿದು, ತಣ್ಣೀರು ಕುಡಿದು ಮಗುವನ್ನು ಎಬ್ಬಿಸುವ ಉಪಾಯವೂ ನಂಬುವಂಥದ್ದಲ್ಲ, ಅದರಲ್ಲಿ ಸುಮ್ನೆ ಹೊತ್ತು ಹೋಗುತ್ತದೆ. ಇನ್ನು ಮನೆಯಲ್ಲೇ ಹೃದಯ ಬಡಿತ ಕೇಳುವ ಆ ಚಿಕ್ಕ ಡಾಪ್ಲರ್ ಯಂತ್ರ. ದಯವಿಟ್ಟು ಕೊಳ್ಳಬೇಡಿ. ಎಷ್ಟೋ ಸಲ ಅದರಲ್ಲಿ ಕೇಳುವುದು ನಿಮ್ಮದೇ ರಕ್ತ ಓಡುವ ಸದ್ದು. ಮಗುವಿನದ್ದೇ ಕೇಳಿತು ಅಂದುಕೊಳ್ಳಿ, ಸುಸ್ತಾಗಿರುವ ಮಗುವಿನ ಹೃದಯವೂ ಬಡಿಯುತ್ತದೆ ಅಲ್ವಾ?

ಆಸ್ಪತ್ರೆಯಲ್ಲಿ ಮೊದಲು ಎನ್‌ಎಸ್‌ಟಿ ಮಾಡುತ್ತಾರೆ, ಅಂದರೆ ಮಗುವಿನ ಹೃದಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಸುವ ಪರೀಕ್ಷೆ. ಹೊಟ್ಟೆಗೆ ಎರಡು ಬೆಲ್ಟು, ಇಪ್ಪತ್ತು ನಿಮಿಷ, ಮಗು ಮಲಗಿದ್ದರೆ ನಲವತ್ತು. ಬಡಿತ ನಿಮಿಷಕ್ಕೆ 110ರಿಂದ 160ರ ನಡುವೆ ಇದ್ದು, ನಡುನಡುವೆ ಏರಿ ಇಳಿಯಬೇಕು. ನೇರ ಗೆರೆ ಎಳೆದ ಹಾಗಿದ್ದರೆ ಡಾಕ್ಟರ್ ಸ್ಕ್ಯಾನ್ ಮಾಡಿ ಮಿಸುಕಾಟ, ಕೈಕಾಲಿನ ಬಿಗಿ, ಉಸಿರಾಟದ ಅಭ್ಯಾಸ, ಸುತ್ತಲಿನ ನೀರು ನೋಡುತ್ತಾರೆ. ಎನ್‌ಎಸ್‌ಟಿ ಸೇರಿ ಐದು, ಒಂದೊಂದಕ್ಕೆ ಎರಡು ಅಂಕ, ಒಟ್ಟು ಹತ್ತಕ್ಕೆ ಎಂಟು ಬಂದರೆ ಸಮಾಧಾನ. ಎಲ್ಲ ಸರಿ ಇದೆ ಅಂದರೆ ಇವತ್ತಿಗೆ ಸರಿ ಇದೆ ಅಂತ. ನಾಳೆ ಮತ್ತೆ ಕಡಿಮೆಯಾದರೆ ಸಂಕೋಚವಿಲ್ಲದೆ ಮತ್ತೆ ಬನ್ನಿ.

ಈಗ ಶ್ವಾಸಕೋಶ. ಒದ್ದೆ ಪ್ಲಾಸ್ಟಿಕ್ ಚೀಲದ ಒಳಮೈ ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ ನೋಡಿ, ದಿನ ತುಂಬದ ಮಗುವಿನ ಶ್ವಾಸಕೋಶದ ಪಾಡೂ ಅದೇ. ಅಂಟದ ಹಾಗೆ ನೋಡಿಕೊಳ್ಳುವುದು ಸರ್ಫ್ಯಾಕ್ಟೆಂಟ್ ಅನ್ನುವ, ಸೋಪಿನಂಥ ಜಾರು ವಸ್ತು. ಅದು ಸಾಕಷ್ಟು ಆಗುವುದು ಸುಮಾರು 35ನೇ ವಾರದ ಹೊತ್ತಿಗೆ. ಹಿಂದೆ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು, ಕೊಳವೆಯಲ್ಲಿ ಕುಲುಕಿ, ನೊರೆ ನಿಲ್ಲುತ್ತದಾ ಅಂತ ನೋಡುತ್ತಿದ್ದರು. ಈಗ ಅದು ಹೆಚ್ಚುಕಡಿಮೆ ನಿಂತೇ ಹೋಗಿದೆ, ವಾರದ ಲೆಕ್ಕವೇ ಸಾಕಷ್ಟು ಹೇಳುತ್ತದೆ. ಅದಕ್ಕೇ ಮೊದಲ ಸ್ಕ್ಯಾನ್ ಬಗ್ಗೆ ಅಷ್ಟು ಒತ್ತಿ ಹೇಳಿದ್ದು.

24ರಿಂದ 34ನೇ ವಾರದೊಳಗೆ, ಇನ್ನೊಂದು ವಾರದಲ್ಲಿ ಹೆರಿಗೆ ಆಗುವ ಲಕ್ಷಣ ಇದ್ದರೆ, ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಬೆಟಾಮೆಥಾಸೋನ್ ಆದರೆ 12 ಮಿಲಿಗ್ರಾಂ, 24 ಗಂಟೆ ಬಿಟ್ಟು ಇನ್ನೊಂದು. ಡೆಕ್ಸಾಮೆಥಾಸೋನ್ ಆದರೆ 6 ಮಿಲಿಗ್ರಾಂನಂತೆ 12 ಗಂಟೆಗೊಂದು, ನಾಲ್ಕು. ಇದರ ಗುಟ್ಟು ಹೊರಬಿದ್ದದ್ದು ಕುರಿಗಳಿಂದ. ನ್ಯೂಜಿಲೆಂಡ್‌ನ ಲಿಗಿನ್ಸ್ ಅನ್ನುವ ವೈದ್ಯರು ಹೆರಿಗೆ ನೋವು ಹೇಗೆ ಶುರುವಾಗುತ್ತದೆ ಅಂತ ಹುಡುಕುತ್ತಿದ್ದಾಗ, ಸ್ಟೀರಾಯ್ಡ್ ಪಡೆದು ದಿನಕ್ಕೆ ಮುಂಚೆ ಹುಟ್ಟಿದ ಮರಿ ಉಸಿರಾಡಿತು. 1972ರಲ್ಲಿ ಅವರು ಹೋವಿ ಎಂಬ ವೈದ್ಯರ ಜೊತೆ ಸೇರಿ ಗರ್ಭಿಣಿಯರಲ್ಲಿ ಮಾಡಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು.

“ಮನೇಲಿ ಸ್ಟೀರಾಯ್ಡ್ ಮಾತ್ರೆ ಇದೆ, ಅದನ್ನೇ ತಗೊಳ್ಲಾ?” ಅಂತ ಕೇಳಿದವರಿದ್ದಾರೆ. ಬೇಡ. ಪ್ರೆಡ್ನಿಸೊಲೋನ್‌ನ ಬಹುಪಾಲನ್ನು ಮಾಸು ತಡೆದು ನಿಷ್ಕ್ರಿಯ ಮಾಡಿಬಿಡುತ್ತದೆ, ಮಗುವಿಗೆ ತಲುಪುವುದು ಅಲ್ಪ. “ಇರಲಿ ಅಂತ ಮುಂಚೆಯೇ ಹಾಕಿಸಿಬಿಡಿ” ಅನ್ನುವುದೂ ತಪ್ಪು. ಪೂರ್ತಿ ಫಲ ಸಿಗುವುದು ಇಂಜೆಕ್ಷನ್ ಕೊಟ್ಟು 24 ಗಂಟೆಯಿಂದ ಏಳು ದಿನದೊಳಗೆ. ಮೇಲಿಂದ ಮೇಲೆ ಕೊಟ್ಟರೆ ಮಗುವಿನ ತೂಕ ಕಡಿಮೆಯಾಗುತ್ತದೆ. ಆದರೆ ಹೆರಿಗೆ ಹತ್ತಿರವೇ ಇದ್ದು ಎರಡನೇ ಡೋಸ್‌ಗೆ ಸಮಯ ಸಿಗಲಿಕ್ಕಿಲ್ಲ ಅನಿಸಿದರೂ ಮೊದಲನೆಯದನ್ನು ಬಿಡಬೇಡಿ, ಒಂದೇ ಆದರೂ ಉಪಯೋಗ ಇದೆ. ಸಕ್ಕರೆ ಕಾಯಿಲೆ ಇರುವವರು ಮೊದಲೇ ಹೇಳಿ, ಇಂಜೆಕ್ಷನ್ ನಂತರ ಕೆಲವು ದಿನ ಶುಗರ್ ಏರುತ್ತದೆ, ಪದೇ ಪದೇ ನೋಡಬೇಕಾಗುತ್ತದೆ.

ಇನ್ನೊಂದು ವಿಷಯ. ಇಂಜೆಕ್ಷನ್ ಆದ ಎರಡು ಮೂರು ದಿನ ಮಗುವಿನ ಮಿಸುಕಾಟ ಸ್ವಲ್ಪ ತಗ್ಗಬಹುದು. ಇದನ್ನು ಓದಿ “ಓ, ಇಂಜೆಕ್ಷನ್‌ನಿಂದ” ಅಂತ ನೀವೇ ತೀರ್ಮಾನಿಸಬೇಡಿ. ಅದನ್ನು ಹೇಳಬೇಕಾದ್ದು ಎನ್‌ಎಸ್‌ಟಿ.

ಬ್ಯಾಗಿನಲ್ಲಿ ಮೂರು ಕಾಗದ ಇರಲಿ: ಮೊದಲ ಸ್ಕ್ಯಾನ್ ರಿಪೋರ್ಟ್, ಎಣಿಕೆ ಬರೆದ ಪುಸ್ತಕ, ಇಂಜೆಕ್ಷನ್ ಹೆಸರು ಮತ್ತು ಕೊಟ್ಟ ಗಂಟೆ ಬರೆಸಿಕೊಂಡ ಚೀಟಿ. ಒಮ್ಮೆ ರಾತ್ರಿ ಮೂರು ಗಂಟೆಗೆ ಬೇರೆ ಆಸ್ಪತ್ರೆಯಿಂದ 31 ವಾರದ ಗರ್ಭಿಣಿಯನ್ನು ಕಳಿಸಿದ್ದರು. ಚೀಟಿಯಲ್ಲಿ “ಸ್ಟೀರಾಯ್ಡ್ ಕೊಟ್ಟಿದೆ” ಅಂತ ಮಾತ್ರ ಇತ್ತು. ಯಾವುದು, ಎಷ್ಟು ಹೊತ್ತಿಗೆ, ಒಂದೂ ಇಲ್ಲ. ಅಲ್ಲಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಕೊನೆಗೆ ಹೇಳಿದ್ದು ಅವಳ ಅಮ್ಮ: “ಸೂಜಿ ಚುಚ್ಚುವಾಗ ನಾನು ಗಡಿಯಾರ ನೋಡಿದ್ದೆ, ಏಳೂ ಹತ್ತು.”