ಕಾಣೆಯಾದ ಬೀಜಗಳು: ಲಾ ಸೆಲ್ವಾದಲ್ಲಿ ನನ್ನ ಕ್ಷೇತ್ರಕಾರ್ಯ

ಬೀಜಕ್ಕೆ ತೂತು ಕೊರೆದು ದಾರ ಕಟ್ಟಿ ಕಾಡಿನಲ್ಲಿ ಇಟ್ಟು ಬರುವುದು, ವಾರ ಬಿಟ್ಟು ಅದನ್ನು ಹುಡುಕಿಕೊಂಡು ಹೋಗುವುದು. ವಿದೇಶಕ್ಕೆ ಎಂ.ಎಸ್. ಓದಲು ಹೋದ ನಾನು ಒಂದು ಇಡೀ ಋತು ಮಾಡಿದ್ದು ಇಷ್ಟೇ.

ಕಾಡು ಮಧ್ಯ ಅಮೆರಿಕದ ಕೋಸ್ಟಾ ರೀಕಾ ದೇಶದ ಸರಾಪೀಕಿಯಲ್ಲಿರುವ ಲಾ ಸೆಲ್ವಾ ಎಂಬ ಸಂಶೋಧನಾ ಕೇಂದ್ರದ್ದು. ಲೆಸ್ಲಿ ಹೋಲ್ಡ್ರಿಜ್ ಎಂಬ ಸಸ್ಯವಿಜ್ಞಾನಿಯ ಜಮೀನಾಗಿದ್ದ ಇದನ್ನು 1968ರಲ್ಲಿ ಆರ್ಗನೈಸೇಶನ್ ಫಾರ್ ಟ್ರಾಪಿಕಲ್ ಸ್ಟಡೀಸ್ ಎಂಬ ಸಂಶೋಧನಾ ಒಕ್ಕೂಟ ಕೊಂಡುಕೊಂಡಿತು. ಈಗ ಸುಮಾರು 1,600 ಹೆಕ್ಟೇರ್ ಇದೆ. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ. ಫೆಬ್ರುವರಿ, ಮಾರ್ಚ್ ಒಣ ತಿಂಗಳು ಅಂತ ಓದಿಕೊಂಡು ಹೋಗಿದ್ದೆ. ಒಣ ಅಂದರೆ ಮಳೆ ಸ್ವಲ್ಪ ಕಡಿಮೆ ಅಂತ ಅರ್ಥ, ಅಷ್ಟೇ.

ನನ್ನ ಪ್ರಶ್ನೆ ಹೊಸದಲ್ಲ. ತಾಯಿಮರದ ಬುಡದಲ್ಲೇ ಬಿದ್ದ ಬೀಜಗಳನ್ನು ಆ ಮರಕ್ಕೆ ಅಂಟಿಕೊಂಡ ಶತ್ರುಗಳು ಮುಗಿಸುತ್ತವೆ, ದೂರ ಹೋದವು ಬದುಕುತ್ತವೆ, ಉಷ್ಣವಲಯದ ಕಾಡಿನಲ್ಲಿ ಇಷ್ಟೊಂದು ಜಾತಿಯ ಮರಗಳಿರುವುದಕ್ಕೆ ಇದೂ ಒಂದು ಕಾರಣ ಅಂತ 1970ರಲ್ಲಿ ಜಾನ್ಜೆನ್, 1971ರಲ್ಲಿ ಕಾನೆಲ್ ಎಂಬ ಪರಿಸರವಿಜ್ಞಾನಿಗಳು ವಾದಿಸಿದರು. ಡೆಬೊರಾ ಮತ್ತು ಡೇವಿಡ್ ಕ್ಲಾರ್ಕ್ ದಂಪತಿ ಇದೇ ಲಾ ಸೆಲ್ವಾದಲ್ಲಿ, ಅಲ್ಮೆಂಡ್ರೊ ಮರವನ್ನೇ ಹಿಡಿದು ಇದನ್ನು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ್ದರು. ನಾನು ಅದೇ ಮರದ ಬೀಜಗಳ ಹಿಂದೆ ಹೋದೆ. ಅಲ್ಮೆಂಡ್ರೊ ಅಂದರೆ ಸ್ಪ್ಯಾನಿಷ್‌ನಲ್ಲಿ ಬಾದಾಮಿ ಮರ, ಆದರೆ ಇದು ಹೊಂಗೆ, ಹುಣಸೆಯ ಕುಟುಂಬದ್ದು. ಕಾಯಿಯ ಹೊರಗಿನ ತೆಳು ತಿರುಳನ್ನು ಬಾವಲಿಗಳು ತಿನ್ನುತ್ತವೆ. ಒಳಗೆ ಮರದಂಥ ಚಿಪ್ಪು. ಅದನ್ನು ಕೊರೆಯಲು ಹೋಗಿ ಮೊದಲ ದಿನವೇ ಡ್ರಿಲ್‌ನ ಮೂರು ಬಿಟ್ ಮುರಿದೆ.

ಹೋಗುವ ಮೊದಲಿನ ಕೆಲಸದ ಬಗ್ಗೆ ಒಂದೇ ಮಾತು: ವೀಸಾ ಬೇರೆ, ಸಂಶೋಧನೆಯ ಅನುಮತಿ ಬೇರೆ. ಎಲೆ ತಂದು ಡಿಎನ್‌ಎ ತೆಗೆಯುವ ಆಸೆಯೂ ನನಗಿತ್ತು. ಅಲ್ಲಿನ 1998ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅದಕ್ಕೆ ಕೊನಾಖೆಬಿಯೊ ಎಂಬ ಆಯೋಗದ ಒಪ್ಪಿಗೆ ಪ್ರತ್ಯೇಕವಾಗಿ ಬೇಕು. ನನ್ನ ಕೈಯಲ್ಲಿದ್ದ ತಿಂಗಳುಗಳಲ್ಲಿ ಅದು ಆಗದು ಅನ್ನಿಸಿ ಆ ಅಧ್ಯಾಯವನ್ನೇ ಕೈಬಿಟ್ಟೆ. ಆಗ ಬೇಜಾರಾಗಿತ್ತು, ಈಗ ಇಲ್ಲ.

ಕಾಡಿನಲ್ಲಿ ದೇಹಕ್ಕೆ ಬೇರೆಯದೇ ಶಿಸ್ತು ಬೇಕು. ಮೊಣಕಾಲಿನವರೆಗೆ ರಬ್ಬರ್ ಬೂಟು, ಯಾಕೆಂದರೆ ತೆರ್ಸಿಯೊಪೆಲೊ ಎಂಬ ಮಂಡಲದ ಹಾವು ತರಗೆಲೆಯ ಬಣ್ಣದಲ್ಲೇ ಮಲಗಿರುತ್ತದೆ. ಜಾರಿದರೂ ಮರ ಹಿಡಿಯಬಾರದು; ತಾಳೆಯ ಜಾತಿಯದಾದರೆ ಮುಳ್ಳು, ಇಲ್ಲದಿದ್ದರೆ ಕುಟುಕಿದರೆ ಗುಂಡೇಟಿನಂತೆ ನೋಯುವ ಬುಲೆಟ್ ಇರುವೆ. ನಾನು ಒಂದೇ ಸಲ ಹಿಡಿದೆ. ಮರುದಿನ ಬೆಳಗಿನವರೆಗೂ ಪೆನ್ಸಿಲ್ ಹಿಡಿಯಲಾಗಲಿಲ್ಲ. ಹೌದು, ಪೆನ್ಸಿಲ್ಲೇ, ನೀರು ತಾಗಿದರೂ ಹರಿಯದ ಕಾಗದದ ಮೇಲೆ. ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯದಿರಲು ಸಿಲಿಕಾ ಜೆಲ್ ಹಾಕಿದ ಡಬ್ಬಿ. ದಟ್ಟ ಎಲೆಗಳ ಕೆಳಗೆ ಜಿಪಿಎಸ್ ತೋರಿಸಿದ್ದನ್ನು ನಾನು ನಂಬಲಿಲ್ಲ, ಟೇಪು ಮತ್ತು ದಿಕ್ಸೂಚಿಯನ್ನೇ ನೆಚ್ಚಿಕೊಂಡೆ.

ಒಟ್ಟು 200 ಬೀಜ, ಕೆಲವು ತಾಯಿಮರದ ಬುಡದಲ್ಲಿ, ಕೆಲವು ದೂರದಲ್ಲಿ. ಪ್ರತಿಯೊಂದಕ್ಕೂ ನೈಲಾನ್ ದಾರ, ತುದಿಗೆ ಸಂಖ್ಯೆ ಬರೆದ ಗುಲಾಬಿ ರಿಬ್ಬನ್. ಅಗೂಟಿ, ಅಲ್ಲಿಯವರ ಬಾಯಲ್ಲಿ ಗ್ವಾಟೂಸಾ, ಮೊಲದಷ್ಟು ದೊಡ್ಡ ದಂಶಕ, ಅಂದರೆ ಇಲಿ, ಅಳಿಲಿನ ವರ್ಗದ ಪ್ರಾಣಿ. ಬೀಜ ತಿನ್ನುತ್ತದೆ, ಮಿಕ್ಕದ್ದನ್ನು ಮುಂದಕ್ಕಿರಲಿ ಅಂತ ಮಣ್ಣಿನಲ್ಲಿ ಹೂಳುತ್ತದೆ. ಬೀಜ ಮಣ್ಣೊಳಗೆ ಹೋದರೂ ರಿಬ್ಬನ್ ಹೊರಗೆ ಉಳಿಯುತ್ತದೆ ಅನ್ನುವುದು ಲೆಕ್ಕಾಚಾರ.

ಇಟ್ಟ ಜಾಗದ ಸುತ್ತ ಹತ್ತು ಮೀಟರ್ ಹುಡುಕುತ್ತಿದ್ದೆ. ಸಿಗದಿದ್ದರೆ ಪುಸ್ತಕದಲ್ಲಿ 'ತಿಂದಿದೆ' ಅಂತ ಬರೆಯುತ್ತಿದ್ದೆ. ಮೂರು ವಾರಕ್ಕೆ ತಾಯಿಮರದ ಬುಡದಲ್ಲಿ ಸಾವು ಎಷ್ಟು ಚೆಂದವಾಗಿ ಏರಿತ್ತೆಂದರೆ, ಸಿದ್ಧಾಂತವೇ ನನಗಾಗಿ ಕಾದು ಕೂತಿತ್ತು ಅನ್ನಿಸಿ, ಗೈಡ್‌ಗೆ ಉದ್ದದ ಮೇಲ್ ಕಳಿಸಿದೆ.

ನನ್ನ ಜೊತೆಗಿದ್ದ ಸಹಾಯಕರು ಆ ಊರಿನವರೇ. ಕಾಡುಹಂದಿಯಂಥ ಸೈನೊಗಳ ಗುಂಪು ಕಣ್ಣಿಗೆ ಬೀಳುವ ಮುಂಚೆ ವಾಸನೆಯಿಂದಲೇ ಗುರುತಿಸಿ ನಿಲ್ಲುವವರು. (ಅಲ್ಲಿ ಬಹಳಷ್ಟು ಜನ ಎದುರಿದ್ದವರಿಗೆ 'ಉಸ್ತೆದ್' ಅನ್ನುತ್ತಾರೆ, ನಮ್ಮ 'ನೀವು' ಇದ್ದಂತೆ. ಇವರು ಕೇಂದ್ರದ ಹೊರಗಿನ ನಾಯಿಗೂ 'ಉಸ್ತೆದ್' ಅಂತಲೇ ಅನ್ನುತ್ತಿದ್ದರು.) ಒಂದು ಮಧ್ಯಾಹ್ನ ಮಳೆ ಹೊಯ್ಯುತ್ತಿರುವಾಗ ನನ್ನ ಟೇಪು ಮುಗಿದ ಮೇಲೂ ಅವರು ನಡೆದೇ ನಡೆದರು. ತೊರೆಯಾಚೆ, ಬಿದ್ದ ಮರದ ಪಕ್ಕ, ಕೆಸರಿನಲ್ಲಿ ಗುಲಾಬಿ ತುಣುಕು. ಸಂಖ್ಯೆ 87. ಅಳೆದರೆ 34 ಮೀಟರ್. ಅಗೆದರೆ ಬೀಜ ಹಾಗೇ ಇದೆ. ಪುಸ್ತಕದಲ್ಲಿ ಅದು ತಿಂದು ಹೋಗಿ ಹದಿನೈದು ದಿನವಾಗಿತ್ತು.

"ನೀವು ಹುಡುಕಿದಷ್ಟು ದೂರ ಮಾತ್ರ ಹೋಗಬೇಕು ಅಂತ ಗ್ವಾಟೂಸಾಗೆ ಯಾರು ಹೇಳಿದ್ದರು?" ಅಂದರು.

ಅವತ್ತು ರಾತ್ರಿ ಎರಡು ಕಾಲಂ ಮಾಡಿದೆ. ಒಡೆದ ಚಿಪ್ಪು ಕಣ್ಣಾರೆ ಸಿಕ್ಕರೆ 'ತಿಂದಿದೆ'. ಏನೂ ಸಿಗದಿದ್ದರೆ 'ಸಿಗಲಿಲ್ಲ', ಪಕ್ಕದಲ್ಲೇ ಎಷ್ಟು ಮೀಟರ್ ಹುಡುಕಿದೆ ಅನ್ನುವುದು. ಸುತ್ತ ಹುಡುಕುವ ದೂರವನ್ನು 50 ಮೀಟರ್‌ಗೆ ಏರಿಸಿದೆ. ಬೆಳಗಿನ ಹೊತ್ತಿನಲ್ಲಿ ಮುಗಿಯುತ್ತಿದ್ದ ಕೆಲಸ ಇಡೀ ದಿನ ತಿಂದಿತು. ಕಾಡೊಳಗೆ ಐದು ಗಂಟೆಗೇ ಮಬ್ಬು, ಹಾಗಾಗಿ ದಿನಕ್ಕೆ ಎರಡು ಮರಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಮೊದಲ ಮೂರು ವಾರದ 'ತಿಂದಿದೆ'ಗಳನ್ನೆಲ್ಲ ಮತ್ತೆ ಹುಡುಕಿದೆವು. ಇಪ್ಪತ್ತಕ್ಕೂ ಹೆಚ್ಚು ಬೀಜ ದೂರದಲ್ಲಿ ಹೂತಿದ್ದವು. ಕೆಲವು ಕಡೆ ಹಲ್ಲಿನಿಂದ ಕತ್ತರಿಸಿದ ದಾರ ಮಾತ್ರ ಸಿಕ್ಕಿತು, ಬೀಜ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಬುಡದ ಹತ್ತಿರ ಸಾವು ಆಮೇಲೂ ಹೆಚ್ಚೇ ಇತ್ತು, ಆದರೆ ನಾನು ಮೇಲ್‌ನಲ್ಲಿ ಬರೆದಷ್ಟಲ್ಲ. ಗೈಡ್‌ಗೆ ಇನ್ನೊಂದು ಮೇಲ್ ಬರೆಯಬೇಕಾಯಿತು, ಚಿಕ್ಕದು.

ಮೌಖಿಕ ಪರೀಕ್ಷೆಯಲ್ಲಿ ಒಬ್ಬರು ಕೋಷ್ಟಕ ತೋರಿಸಿ, ಈ 17 ಬೀಜ ಏನಾದವು, ತಿಂದವು ಅಂತ ಸೇರಿಸಿಬಿಟ್ಟರೆ ಲೆಕ್ಕ ಸರಿಹೋಗುತ್ತದಲ್ಲ ಅಂದರು. ಹುಡುಕಿದ್ದು 50 ಮೀಟರ್ ಸರ್, ಅಂದೆ. ಅವು ಈಗಲೂ 'ಸಿಗಲಿಲ್ಲ' ಕಾಲಂನಲ್ಲೇ ಇವೆ.